ಹಳೇ ಏಳು ಸೀಟಿನ ಗಾಡಿ ನೋಡುವಾಗ ನಾನು ಡಿಕ್ಕಿಯಿಂದ ಶುರು ಮಾಡುತ್ತೇನೆ

ಚಿಕ್ಕಮಗಳೂರಿನಲ್ಲಿ ನನ್ನದು ಗ್ಯಾರೇಜ್. ರಿಪೇರಿ ಜೊತೆಗೆ ಈಗ ಇನ್ನೊಂದು ಕೆಲಸ ಸೇರಿಕೊಂಡಿದೆ. ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳುವವರ ಜೊತೆ ಹೋಗಿ ನೋಡಿಕೊಡುವುದು. ಹೆಚ್ಚಾಗಿ ಏಳು ಸೀಟಿನವೇ. ಗಂಡ ಹೆಂಡತಿ, ಇಬ್ಬರು ಮಕ್ಕಳು, ಅಪ್ಪ ಅಮ್ಮ ಅಂತಾದರೆ ಸಣ್ಣ ಕಾರು ಸಾಲಲ್ಲ, ಹೊಸದಕ್ಕೆ ದುಡ್ಡು ಸಾಲಲ್ಲ. ಆಗ ಹಳೇ ಇನ್ನೋವಾ, ಎರ್ಟಿಗಾ, ಜೈಲೋ, ತವೇರಾ ಕಡೆ ಕಣ್ಣು ಹೋಗುತ್ತದೆ.

ಗಾಡಿ ನಿಂತಿರುವಲ್ಲಿಗೆ ಹೋದ ತಕ್ಷಣ ಎಲ್ಲರೂ ಬಾನೆಟ್ ಎತ್ತಿಸಿ ಸುತ್ತ ನಿಲ್ಲುತ್ತಾರೆ. "ಎಂಜಿನ್ ಬೆಣ್ಣೆ ಇದ್ದಂಗಿದೆ ಸಾರ್" ಅಂತ ಬ್ರೋಕರ್ ಶುರು ಹಚ್ಚುತ್ತಾನೆ. ಅಷ್ಟರಲ್ಲಿ ನಾನು ಡಿಕ್ಕಿ ತೆಗೆದಿರುತ್ತೇನೆ. ಮಾರುವವರು ಎಂಜಿನ್ ತೊಳೆಸಿರುತ್ತಾರೆ, ಡ್ಯಾಶ್‌ಬೋರ್ಡಿಗೆ ಪಾಲಿಶ್ ಹೊಡೆಸಿರುತ್ತಾರೆ. ಮೂರನೇ ಸಾಲಿಗೆ ಯಾರೂ ಕೈ ಹಚ್ಚಿರುವುದಿಲ್ಲ. ಗಾಡಿಯನ್ನು ಇಷ್ಟು ವರ್ಷ ಹೇಗೆ ಇಟ್ಟುಕೊಂಡಿದ್ದರು ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ನಾಳೆ ಮಕ್ಕಳು ಕೂರುವುದೂ ಅಲ್ಲೇ ಅಲ್ವಾ?

ಮೊದಲು ಮ್ಯಾಟ್ ಎತ್ತಿ ನೋಡಬೇಕು. ನಮ್ಮ ಕಡೆ ಇದು ಬಹಳ ಮುಖ್ಯ. ತೋಟದವರ ಗಾಡಿ ಅಂದರೆ ಹಿಂದಿನ ಸೀಟು ಮಡಚಿ ಕಾಫಿ, ಮೆಣಸು, ಗೊಬ್ಬರದ ಚೀಲ ಎಲ್ಲಾ ಹೇರುವುದು ಮಾಮೂಲು. ಕಾಫಿ ಮೆಣಸಿನಿಂದ ಏನೂ ಆಗಲ್ಲ. ರಸಗೊಬ್ಬರ ಹಾಗಲ್ಲ. ಪೊಟ್ಯಾಶ್ ಅಂದರೆ ಒಂಥರಾ ಉಪ್ಪೇ. ಚೀಲದಿಂದ ಸೋರಿ ಮ್ಯಾಟ್ ಕೆಳಗೆ ಸೇರಿ, ಮಳೆಗಾಲದ ತೇವ ಹೀರಿಕೊಂಡು ತಗಡು ತಿನ್ನುತ್ತದೆ. ಇತ್ತೀಚೆಗೆ ಒಂದು ವೈಟ್ ಬೋರ್ಡ್ ಗಾಡಿ ನೋಡಿದೆ. ಒಬ್ಬರೇ ಓನರ್, ಓಡಿದ್ದೂ ಕಡಿಮೆ, ಹೊರಗಡೆ ಫಳಫಳ. ಹಿಂದಿನ ಮ್ಯಾಟ್ ಎತ್ತಿದರೆ ಸೀಟಿನ ಬೋಲ್ಟ್ ಸುತ್ತ ಬಿಳಿ ಪುಡಿ, ಅದರ ಕೆಳಗೆ ಕೆಂಪು ತುಕ್ಕು. ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ಒತ್ತಿದೆ, ತಗಡು ಪದರ ಪದರವಾಗಿ ಎದ್ದು ಬಂತು. ಕೊಳ್ಳಲು ಬಂದಿದ್ದವರ ಮನೆಯವರು "ಅಣ್ಣ, ಪೇಂಟ್ ಹೊಡೆಸಿದ್ರೆ ಸರಿ ಹೋಗಲ್ವಾ?" ಅಂತ ಕೇಳಿದರು. ಕಣ್ಣಿಗೆ ಸರಿ ಕಾಣುತ್ತದೆ ಅಮ್ಮ, ಆದರೆ ಸೀಟೂ ಬೆಲ್ಟೂ ಹಿಡಿದು ನಿಲ್ಲುವುದು ಇದೇ ತಗಡಿನ ಮೇಲೆ ಅಂದೆ. ಅವರು ಮತ್ತೆ ರೇಟ್ ಮಾತಾಡಲಿಲ್ಲ.

ಎರ್ಟಿಗಾದಂಥ ಗಾಡಿಯಲ್ಲಿ ಈ ತುಕ್ಕಿಗೆ ಇನ್ನೂ ಜಾಸ್ತಿ ಹೆದರಬೇಕು. ಇನ್ನೋವಾ, ಜೈಲೋ, ತವೇರಾಗಳಿಗೆ ಬಾಡಿಯ ಕೆಳಗೆ ಭಾರ ಹೊರುವ ಬೇರೆ ಚಾಸಿಸ್ ಇದೆ. ಎರ್ಟಿಗಾದಲ್ಲಿ ಬಾಡಿಯೇ ಚಾಸಿಸ್.

ಆಮೇಲೆ ಹಿಂದಿನ ಬೆಲ್ಟುಗಳು. ಒಂದೊಂದನ್ನೂ ಪೂರ್ತಿ ಎಳೆದು, ಜೋರಾಗಿ ಜಗ್ಗಿ, ಲಾಕ್ ಆಗುತ್ತಾ ನೋಡುತ್ತೇನೆ. ಎಷ್ಟೋ ಗಾಡಿಗಳಲ್ಲಿ ಬಕಲ್ ಸೀಟಿನ ಕೆಳಗೆ ಹೂತುಹೋಗಿರುತ್ತದೆ, ಬೆಲ್ಟನ್ನು ಇಲಿ ಕಡಿದಿರುತ್ತದೆ. ಮಡಚುವ ಸೀಟು ಬಿಚ್ಚಿದ ಮೇಲೆ ಟಕ್ ಅಂತ ಕೂರಬೇಕು. ಅಲ್ಲಾಡಿದರೆ ಲಾಕ್ ಸವೆದಿದೆ ಅಂತಲೇ. ಏರ್‌ಬ್ಯಾಗ್ ಬಗ್ಗೆಯೂ ಕೇಳುತ್ತಾರೆ. ಕಾರುಗಳಿಗೆ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ ಆಗಿದ್ದು 2019ರ ಜುಲೈನಲ್ಲಿ. ಅದಕ್ಕೂ ಹಿಂದಿನ ಗಾಡಿಗಳ ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಇಲ್ಲದೆಯೂ ಇರಬಹುದು. ಇದ್ದರೆ ಕೀ ತಿರುಗಿಸಿದಾಗ ಅದರ ದೀಪ ಹತ್ತಿ ಆರಬೇಕು. ಹತ್ತಲೇ ಇಲ್ಲ ಅಂದರೆ ಯಾರೋ ಬಲ್ಬ್ ಕಿತ್ತಿರಬಹುದು, ಖುಷಿಪಡಬೇಡಿ.

ಹಿಂದಿನ ಎಸಿ ಇದೆಯಾ, ಕೆಲಸ ಮಾಡುತ್ತಾ ಅಂತ ಬೇರೆಯಾಗಿಯೇ ನೋಡಬೇಕು. "ನಮ್ಮೂರಿನ ಥಂಡಿಗೆ ಎಸಿ ಯಾಕೆ" ಅನ್ನುವವರಿದ್ದಾರೆ. ಮಳೆಗಾಲದಲ್ಲಿ ಏಳು ಜನ ಕೂತು ಗ್ಲಾಸ್ ಏರಿಸಿಕೊಂಡು ಚಾರ್ಮಾಡಿ ಇಳಿದು ನೋಡಲಿ. ಗಾಜೆಲ್ಲಾ ಮಂಜು ಹಿಡಿದು ರಸ್ತೆಯೇ ಕಾಣಲ್ಲ. ಆ ತೇವ ಎಳೆದುಹಾಕುವುದು ಎಸಿಯೇ.

ಟ್ರಯಲ್ ಅಂದರೆ ಕೆ.ಎಂ. ರೋಡಿನಲ್ಲಿ ಒಂದು ರೌಂಡ್ ಅಲ್ಲ. ಕೈಮರದ ಕಡೆ ಏರು ಹತ್ತಿಸಬೇಕು, ಅದೂ ಮನೆಯವರನ್ನೆಲ್ಲಾ ಕೂರಿಸಿಕೊಂಡು. ನಾನು ಮೂರನೇ ಸಾಲಿನಲ್ಲಿ ಕೂರುತ್ತೇನೆ. ಖಾಲಿ ಗಾಡಿ ಯಾವ ರೋಗವನ್ನೂ ಹೇಳಲ್ಲ. ಲೋಡ್ ಬಿದ್ದಾಗ ಶಾಕ್ ಅಬ್ಸಾರ್ಬರ್ ಸತ್ತಿದ್ದರೆ ಹಂಪ್ ದಾಟಿದ ಮೇಲೂ ಹಿಂಭಾಗ ಕುಣಿಯುತ್ತಲೇ ಇರುತ್ತದೆ. ತಿರುವಿನಲ್ಲಿ ಟೈರು ಒಳಗೆ ಉಜ್ಜುವ ಸದ್ದು ಹಿಂದೆ ಕೂತವರಿಗೆ ಮಾತ್ರ ಕೇಳಿಸುತ್ತದೆ. ಏರಿನಲ್ಲಿ ಮೂರನೇ ಗೇರ್ ಹಾಕಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಕೂಗು ಏರಿ ಸ್ಪೀಡ್ ಏರದಿದ್ದರೆ ಕ್ಲಚ್ ಮುಗಿದಿದೆ. ಇಳಿಯುವಾಗ ಎರಡನೇ ಗೇರ್‌ನಲ್ಲೇ ಇಳಿಸಿ, ನಡುನಡುವೆ ಬ್ರೇಕ್ ಹಿಡಿದು ನೋಡಿ. ಪೆಡಲ್ ನಡುಗಿದರೆ ಡಿಸ್ಕ್ ನೋಡಿಸಬೇಕು, ಗಾಡಿ ಒಂದು ಕಡೆ ಎಳೆಯಲೂಬಾರದು. ಪೆಡಲ್ ಬರಬರುತ್ತಾ ಮೆತ್ತಗಾದರೆ ಬ್ರೇಕ್ ಆಯಿಲ್ ಹಳೇದು, ನೀರು ಹೀರಿಕೊಂಡಿದೆ. ಬಿಸಿಯಾದಾಗ ಆ ನೀರು ಕುದ್ದು ಆವಿಯಾಗುತ್ತದೆ, ಬ್ರೇಕ್ ನಿಲ್ಲಲ್ಲ. ಧರ್ಮಸ್ಥಳಕ್ಕೆ ಹೋಗುವ ಗಾಡಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಬೇಕಿಲ್ಲ.

ಸ್ಟೆಪ್ನಿ ಇಳಿಸಿ ನೋಡುವವರನ್ನು ನಾನು ಕಂಡೇ ಇಲ್ಲ. ಇನ್ನೋವಾ, ಎರ್ಟಿಗಾಗಳಲ್ಲಿ ಅದು ಹೊಟ್ಟೆ ಕೆಳಗೆ ನೇತಾಡುತ್ತಿರುತ್ತದೆ. ಇಳಿಸುವ ಕಡೆ ಕೆಸರು, ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ರಾತ್ರಿ ಹೊತ್ತು ಘಾಟಿಯಲ್ಲಿ ಟೈರು ಇದ್ದೂ ಇಲ್ಲದ ಹಾಗೆ. ಟೈರಿನ ಬಟನ್, ಅಂದರೆ ಮೇಲಿನ ಗೀರು, ಚೆನ್ನಾಗಿದೆ ಅಂತ ನಂಬಬೇಡಿ, ವಯಸ್ಸು ನೋಡಿ. ಸೈಡಿನಲ್ಲಿ 2319 ಅಂತಿದ್ದರೆ 2019ರ 23ನೇ ವಾರದ್ದು.

ಎಂಜಿನ್ ಕೊನೆಗೆ ನೋಡುತ್ತೇನೆ. ಸ್ಟಾರ್ಟ್‌ನಲ್ಲಿಟ್ಟು ಆಯಿಲ್ ಕ್ಯಾಪ್ ತೆಗೆದರೆ ಹೊಗೆ ಬುಸುಬುಸು ಬರಬಾರದು, ಕೂಲಂಟ್‌ನಲ್ಲಿ ಆಯಿಲ್ ತೇಲಬಾರದು. ಹಳೇ ಇನ್ನೋವಾದ 2.5 ಡೀಸೆಲ್‌ಗೆ ಟೈಮಿಂಗ್ ಬೆಲ್ಟ್ (ಎಂಜಿನ್ ಭಾಗಗಳನ್ನು ತಾಳ ತಪ್ಪದ ಹಾಗೆ ತಿರುಗಿಸುವ ಪಟ್ಟಿ) ಇದೆ, ಬದಲಾಯಿಸಿದ ಬಿಲ್ ಕೇಳಿ. ಬಿಲ್ ಇಲ್ಲ ಅಂದರೆ ಬದಲಾಯಿಸಿಲ್ಲ ಅಂತಲೇ ಲೆಕ್ಕ ಹಾಕಿ ರೇಟ್ ಇಳಿಸಿ. ಮೊದಲ ಎರ್ಟಿಗಾದ 1.3 ಡೀಸೆಲ್‌ಗೆ ಚೈನ್, ಆ ಖರ್ಚು ಇಲ್ಲ.

ದಾಖಲೆಗಳಲ್ಲಿ ನಾನು ಆರ್‌ಸಿ ತಾರೀಖು ಮೊದಲು ನೋಡುತ್ತೇನೆ. ಸ್ವಂತ ಗಾಡಿಗೆ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ರಿನ್ಯೂವಲ್. 2022ರ ಏಪ್ರಿಲ್‌ನಿಂದ ಕಾರಿನ ರಿನ್ಯೂವಲ್ ಫೀಸು 600 ರೂಪಾಯಿಯಿಂದ 5,000ಕ್ಕೆ ಏರಿತು. ಎಫ್‌ಸಿಗೆ (ಗಾಡಿ ಓಡಲು ಫಿಟ್ ಅನ್ನುವ ಸರ್ಟಿಫಿಕೇಟ್) ರಿಪೇರಿ, ಹಸಿರು ತೆರಿಗೆ ಬೇರೆ. ಹಾಗಾಗಿ 2012ರ ಗಾಡಿ ಅಗ್ಗಕ್ಕೆ ಸಿಕ್ಕಿತು ಅನ್ನುವವರು 2027ರ ಖರ್ಚನ್ನೂ ಈಗಲೇ ಸೇರಿಸಿಕೊಳ್ಳಬೇಕು. ಟ್ಯಾಕ್ಸಿಯಾಗಿ ಓಡಿ, ಯೆಲ್ಲೋ ಬೋರ್ಡಿನಿಂದ ವೈಟ್ ಬೋರ್ಡಿಗೆ ಬಂದಿದ್ದರೆ ಮೀಟರ್ ನೋಡುವುದೇ ದಂಡ. ಲೋನ್ ಇದ್ದರೆ ಸಾಲ ತೀರಿದೆ ಅನ್ನುವ ಬ್ಯಾಂಕಿನ ಎನ್‌ಒಸಿ, ಆರ್‌ಸಿಯಿಂದ ಲೋನ್ ತೆಗೆಸುವ ಫಾರ್ಮ್ 35 ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಸೀಟಿನ ಸಂಖ್ಯೆಯನ್ನೂ ಆರ್‌ಸಿ ಜೊತೆ ಹೊಂದಿಸಿ ನೋಡಿ. ಆರ್‌ಸಿಯಲ್ಲಿ ಏಳು ಅಂತಿದ್ದು ಡಿಕ್ಕಿಯಲ್ಲಿ ಇನ್ನೊಂದು ಸೀಟು ವೆಲ್ಡ್ ಮಾಡಿಸಿದ್ದರೆ, ಕಿತ್ತುಹಾಕಿಸಿ ಕೊಡಿ ಅಂತ ಮಾರುವವರಿಗೇ ಹೇಳಿ. ಕಿತ್ತ ಮೇಲೆ ನೆಲದಲ್ಲಿ ಉಳಿಯುವ ತೂತುಗಳನ್ನೂ ಅವರ ಖರ್ಚಿನಲ್ಲೇ ಮುಚ್ಚಿಸಿ.