ಗುಡ್ಡದ ಬುಡದ ಬಚ್ಚಲ ಒಲೆ

ಬಳ್ಳಾರಿ ಜಿಲ್ಲೆ ಅಂದ್ರೆ ಬರೀ ಬಿಸಿಲು ಅಂತ ಎಲ್ಲರ ಲೆಕ್ಕ. ಅಂಥವರು ಡಿಸೆಂಬರ್‌ನಲ್ಲಿ ಬೆಳಿಗ್ಗೆ ಐದಕ್ಕೆ ಸಂಡೂರಿಗೆ ಬಂದು ಮೈಮೇಲೆ ಒಂದು ಚೊಂಬು ತಣ್ಣೀರು ಸುರಿದುಕೊಳ್ಳಲಿ, ಆಮೇಲೆ ಮಾತಾಡೋಣ. ನಮ್ಮನೇಲಿ ಗೀಸರ್ ಇದೆ. ಕರೆಂಟು ಇದ್ದಾಗ ಮಾತ್ರ ಅದು ಗೀಸರ್. ಹಾಗಾಗಿ ಅವ್ವನ ತಾಮ್ರದ ಹಂಡೆ ಇನ್ನೂ ಒಲೆಯಿಂದ ಇಳಿದಿಲ್ಲ.

ಹಿತ್ತಲಲ್ಲಿ ನಿಂತರೆ ಗುಡ್ಡದ ತುಂಬ ಕಟ್ಟಿಗೆ. ಮುಟ್ಟುವ ಹಾಗಿಲ್ಲ, ಮೀಸಲು ಅರಣ್ಯ. 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಲ್ಲಿ ಮರ ಕಡಿಯುವುದೂ ತಪ್ಪು, ಬೆಂಕಿ ಹಚ್ಚುವುದೂ ತಪ್ಪು. ಹಿಂದೊಮ್ಮೆ ದಿಂಡಿಗದ ಟೊಂಗೆ ಎಳೆದುಕೊಂಡು ಇಳಿಯುವಾಗ ಗಾರ್ಡ್ ಕೈಗೆ ಸಿಕ್ಕಿದ್ದೆ. 'ಏನ್ರೀ, ಓದಿದೋರು ನೀವು' ಅಂದರು. ಕೊಡಲಿ ಅವರ ಹತ್ತಿರವೇ ಉಳಿಯಿತು. ಸಿಟ್ಟು ಬಂದಿತ್ತು. ಆಮೇಲೊಂದು ಮಾರ್ಚ್‌ನಲ್ಲಿ ಒಣಹುಲ್ಲಿಗೆ ಹತ್ತಿದ ಬೆಂಕಿ ರಾತ್ರಿಯೆಲ್ಲ ಗುಡ್ಡ ಏರಿದ್ದನ್ನು ನೋಡಿದೆ. ಸಿಟ್ಟು ಹೋಯಿತು. ಕೊಡಲಿಯ ಬೇಜಾರು ಇನ್ನೂ ಇದೆ.

ಈಗ ಬಳ್ಳಾರಿ ಜಾಲಿಯೇ ಗತಿ. ಹೆಸರು ನಮ್ಮದು, ಗಿಡ ನಮ್ಮದಲ್ಲ. ಅಮೆರಿಕ ಖಂಡದ ಕಡೆಯದು. 1877ರಲ್ಲಿ ಬ್ರಿಟಿಷರು ಕಡಪ ಸೀಮೆಯಲ್ಲಿ ಸೌದೆಗೆಂದೇ ಬೀಜ ಹಾಕಿಸಿದರು. ಅದರ ಮುಳ್ಳು ಚಪ್ಪಲಿ ದಾಟಿ ಕಾಲಿಗೆ ಬರುತ್ತದೆ. ಮಾವನ ಹೊಲದ ಬದುವಿನಲ್ಲಿ ಎಷ್ಟು ಕಡಿದರೂ ಬುಡದಿಂದ ಮತ್ತೆ ಚಿಗುರಿ ನಿಲ್ಲುತ್ತದೆ. ಆದರೆ ಕೆಂಡ ಮಾತ್ರ ಗಟ್ಟಿ!

ಮೊದಲ ಸಲ ಕಡಿದ ವಾರಕ್ಕೇ ಒಲೆಗೆ ಇಟ್ಟೆ. ಹೊಗೆಯೋ ಹೊಗೆ. ಪಕ್ಕದ ಮನೆ ಅಕ್ಕ ಗೋಡೆ ಮೇಲಿಂದ ಇಣುಕಿ, 'ತಮ್ಮಾ, ನೀರು ಕಾಸಾಕತ್ತೀಯೋ, ಸೊಳ್ಳೆ ಓಡಸಾಕತ್ತೀಯೋ?' ಅಂದರು. ಹಸಿ ಕಟ್ಟಿಗೆಯ ತೂಕದಲ್ಲಿ ಅರ್ಧದ ಹತ್ತಿರ ನೀರೇ ಇರುತ್ತದೆ. ಬೆಂಕಿ ಮೊದಲು ಆ ನೀರನ್ನು ಆವಿ ಮಾಡಬೇಕು, ಆಮೇಲೆ ನಮ್ಮ ಹಂಡೆಯ ಸರದಿ. ಸರಿಯಾಗಿ ಉರಿಯದೆ ಉಳಿದದ್ದು ಹೊಗೆಯಾಗಿ ಅಕ್ಕನ ಮನೆಗೆ.

ಈಗ ಶಿವರಾತ್ರಿ ಹೊತ್ತಿಗೆ ಕಡಿದು, ಸೀಳಿ, ಕಲ್ಲಿನ ಮೇಲೆ ಅಡ್ಡಡ್ಡ ಒಟ್ಟುತ್ತೇನೆ. ಬೇಸಿಗೆಯ ಬಿಸಿಲು ಬಿಟ್ಟಿ ಕೆಲಸ ಮಾಡುತ್ತದೆ. ಮಳೆಗಾಲಕ್ಕೆ ಮೇಲೊಂದು ತಗಡು, ಅಷ್ಟೇ. ಪಕ್ಕದಲ್ಲೂ ಮುಚ್ಚಿದರೆ ಗಾಳಿಯಾಡದೆ ಬೂಷ್ಟು ಹಿಡಿಯುತ್ತದೆ. ಎರಡು ಸೀಳು ಒಂದಕ್ಕೊಂದು ಬಡಿದರೆ ಟಣ್ ಅನ್ನಬೇಕು. ದಪ್ ಅಂದರೆ ಇನ್ನೂ ಹಸಿ. ಒಣಗಿದ್ದಾದರೆ 40 ಲೀಟರ್ ಹಂಡೆಗೆ ಎರಡೂವರೆ ಕಿಲೋ ಸಾಕು.

ಗುಡ್ಡದ ಹುಲ್ಲು ಒಣಗಿದ ಮೇಲೆ ಬೂದಿಯನ್ನೂ ಹಿತ್ತಲಿಗೆ ಚೆಲ್ಲುವುದಿಲ್ಲ. ಒಳಗೆ ಕೆಂಡ ಉಳಿದಿರುತ್ತದೆ. ನೀರು ಚಿಮುಕಿಸಿ ತಗಡಿನ ಡಬ್ಬಿಗೆ ಹಾಕುತ್ತೇನೆ. ಮೊನ್ನೆ ಅಕ್ಕ ಪಾತ್ರೆ ತಿಕ್ಕಲು ಅಂತ ಒಂದು ಡಬ್ಬಿ ಒಯ್ದರು. ಜಾಲಿ ಬೂದಿ ಜಾಸ್ತಿ ಖಾರ, ಕೈ ಉರೀತದೆ ಅಂತ ನಿನ್ನೆ ಹೊಸ ದೂರು.