ಬಾಗಿಲಿಗೊಂದು ಪುಟ್ಟ ಕೌದಿ

27 ಅಕ್ಟೋಬರ್ 2024, ಭಾನುವಾರ, ರಾತ್ರಿ ಹತ್ತೂವರೆ

ಎಡಗೈ ತೋರುಬೆರಳಲ್ಲಿ ಏಳು ತೂತು. ಎಣಿಸಿದ್ದೇನೆ. ಹೊಲಿಯುವಾಗ ಬೆರಳಿಗೆ ಹಾಕುವ ಅಂಗುಸ್ತಾನ ಎಲ್ಲಿಟ್ಟೆ ಅಂತ ಬೆಳಗ್ಗೆ ಅರ್ಧ ಗಂಟೆ ಹುಡುಕಿ, ಸಿಗದೆ, ಇಷ್ಟು ಸಣ್ಣ ಕೆಲಸಕ್ಕೆ ಅದ್ಯಾಕೆ ಅಂತ ಸೂಜಿ ಹಿಡಿದು ಕೂತಿದ್ದರ ಫಲ. ಆದರೂ ಕೆಲಸ ಮುಗಿಯಿತು. ನಮ್ಮ ಮನೆ ಬಾಗಿಲ ಮೇಲೆ ಈಗ 14 ಇಂಚು ಅಗಲ, 10 ಇಂಚು ಉದ್ದದ ಒಂದು ಪುಟಾಣಿ ಕೌದಿ, ಅಂದರೆ ಹಳೇ ಬಟ್ಟೆಯ ಪದರಗಳನ್ನು ಸೇರಿಸಿ ಕೈಯಲ್ಲಿ ಹೊಲಿದದ್ದು, ನೇತಾಡುತ್ತಿದೆ. ಸ್ವಲ್ಪ ಎಡಕ್ಕೆ ವಾಲಿದೆ. ಇರಲಿ.

ಶುರುವಾಗಿದ್ದು ದೀಪಾವಳಿ ಕ್ಲೀನಿಂಗ್‌ನಿಂದ. ಕಳೆದ ವಾರ ಬೆಂಗಳೂರಲ್ಲಿ ಮಳೆ ಸುರಿದು ಕಪಾಟಿನೊಳಗೆಲ್ಲ ಮುಗ್ಗಲು ವಾಸನೆ. ನಿನ್ನೆ ಬಟ್ಟೆ ಎಲ್ಲ ಹೊರಗೆ ತೆಗೆದು ಹಾಕಿದಾಗ ಕೆಳಗಿನ ಖಾನೆಯಲ್ಲಿ ಬ್ಲೌಸ್ ಪೀಸ್‌ಗಳ ಗಂಟು ಸಿಕ್ಕಿತು. 31 ಇದ್ದವು. ಇಷ್ಟರಲ್ಲಿ ನಾನು ರವಿಕೆ ಹೊಲಿಸಿಕೊಂಡಿದ್ದು ಎಷ್ಟು ಅಂತ ಕೇಳಬೇಡಿ. ವರಮಹಾಲಕ್ಷ್ಮಿಗೆ, ಗೌರಿಗೆ, ನವರಾತ್ರಿಗೆ ಯಾರಾದರೂ ಕುಂಕುಮಕ್ಕೆ ಕರೆಯುತ್ತಾರೆ, ವೀಳ್ಯದೆಲೆ, ಅಡಿಕೆ, ಬಾಳೆಹಣ್ಣಿನ ಜೊತೆ ಒಂದು ಪೀಸ್ ಕೊಡುತ್ತಾರೆ. ನಾವು ತರುತ್ತೇವೆ, ಗಂಟಿಗೆ ಸೇರಿಸುತ್ತೇವೆ, ಮುಂದಿನ ಹಬ್ಬಕ್ಕೆ ನಮ್ಮನೆಗೆ ಬಂದವರಿಗೆ ಅದನ್ನೇ ದಾಟಿಸುತ್ತೇವೆ. ಎಲ್ಲರಿಗೂ ಗೊತ್ತಿದೆ, ಯಾರೂ ಬಾಯಿಬಿಡುವುದಿಲ್ಲ ಅಷ್ಟೇ. ಈ ಗಂಟಿನಲ್ಲಿ ಒಂದು ನವಿಲು ಬಣ್ಣದ ಪಾಲಿಸ್ಟರ್ ಪೀಸ್ ಇದೆ. ಆಗಸ್ಟಿನಲ್ಲಿ ವರಮಹಾಲಕ್ಷ್ಮಿಗೆ ನಾನೇ ಮೂರನೇ ಮಹಡಿಯವರಿಗೆ ಕೊಟ್ಟಿದ್ದು, ಎರಡು ತಿಂಗಳಾಗುವಷ್ಟರಲ್ಲಿ ನವರಾತ್ರಿಗೆ ಐದನೇ ಮಹಡಿಯಿಂದ ನನಗೇ ವಾಪಸ್ ಬಂತು! ಮೂಲೆಯಲ್ಲಿ ಮಗಳು ಎಳೆದಿದ್ದ ಪೆನ್ನಿನ ಗೀರು ಹಾಗೇ ಇದೆ. ಹೊಲಿದರೆ ಉಸಿರುಗಟ್ಟುವಂಥ ಬಟ್ಟೆ, ಯಾರು ತಾನೇ ಇಟ್ಟುಕೊಳ್ಳುತ್ತಾರೆ ಪಾಪ.

ಆದರೆ ಗಂಟಿನ ತಳದಲ್ಲಿ ಬೇರೆ ಥರದ್ದು ಒಂಬತ್ತು ಇದ್ದವು. ಗುಳೇದಗುಡ್ಡದ ಖಣ, ಅಂದರೆ ಮಗ್ಗದಲ್ಲಿ ನೇಯ್ದ ರವಿಕೆ ಬಟ್ಟೆ. ನನ್ನ ತವರು ಬಾಗಲಕೋಟೆ, ಗುಳೇದಗುಡ್ಡ ಅದೇ ಜಿಲ್ಲೆ. ಅಲ್ಲಿ ಹೆಣ್ಣುಮಗಳು ತವರಿಗೆ ಬಂದು ಹೊರಟಳು ಅಂದರೆ ಉಡಿ ತುಂಬದೆ ಕಳಿಸುವುದಿಲ್ಲ. ಅಕ್ಕಿ, ಕೊಬ್ಬರಿ, ಅರಿಶಿನದ ಕೊಂಬು, ಅದರ ಜೊತೆ ಖಣ. ಪ್ರತಿ ಸಲ ಊರಿಂದ ಬರುವಾಗ ಅವ್ವ, ಚಿಗವ್ವ, ಸೋದರತ್ತೆ, ಪಕ್ಕದ ಮನೆಯವರು ಹಾಕಿದ್ದು. ಸೂಜಿಮಲ್ಲಿಗೆ ಅಂಚಿನದು, ತೇರಿನ ಚಿತ್ರದ್ದು, ಆನೆಹೆಜ್ಜೆಯದು. ಬೆಳಕಿಗೆ ಹಿಡಿದರೆ ಒಂದು ಕಡೆಯಿಂದ ಕೆಂಪು, ಇನ್ನೊಂದು ಕಡೆಯಿಂದ ಹಸಿರು ಹೊಳೆಯುತ್ತೆ. ಇದನ್ನು ಮಾತ್ರ ನಾನು ಯಾರಿಗೂ ದಾಟಿಸಿಲ್ಲ. ಹೊಲಿಸಿಕೊಂಡೂ ಇಲ್ಲ. ಇಳಕಲ್ ಸೀರೆ ಉಟ್ಟರೆ ತಾನೇ ಖಣದ ರವಿಕೆ, ಆಫೀಸಿಗೆ ಕುರ್ತಾ ಹಾಕಿಕೊಂಡು ಓಡುವವಳಿಗೆ ಎಲ್ಲಿ.

ಆಗಲೇ ಈ ಯೋಚನೆ ಬಂತು. ಬಾಗಿಲಿಗೆ ಒಂದು ಕೌದಿ ಹೊಲಿದರೆ ಹೇಗೆ? ಅಲ್ಲಿಯವರೆಗೆ ತೂಗು ಹಾಕಿದ್ದು ಪ್ಲಾಸ್ಟಿಕ್ ಹೂವಿನ ತೋರಣ, ಬಣ್ಣ ಹೋಗಿ ಬೂದಿಯಾಗಿತ್ತು.

ಅವ್ವನಿಗೆ ಫೋನ್ ಮಾಡಿದೆ. ಮಾಡಬಾರದಿತ್ತು.

"ಉಡಿ ತುಂಬಿದ ಖಣ ಅದು. ಕತ್ತರಿ ಹಾಕಾಕ ಕೈಯರ ಹೆಂಗ ಬರತೈತಿ ನಿನಗ?"

ಕಪಾಟಿನಲ್ಲಿ ಮುಗ್ಗಲು ಹಿಡಿಯೋದು ಸರಿಯಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ತೀರ್ಪು ಬಂತು: "ಹಾಸಾಕ ಹೊದಿಯಾಕ ಮಾಡಬ್ಯಾಡ, ಕಾಲಾಗ ಬರಬಾರದು. ಬಾಗಲಕ್ಕ ಆದ್ರ ಹಾಕ್ಕೋ. ಕೆಂಪು ಖಣ ಮೊದಲ ತೊಯ್ಸು, ಬಣ್ಣ ಬಿಡತೈತಿ. ಮತ್ತ ದೀಪಾ ಹಚ್ಚೂದ್ರಾಗ ಮುಗಿಸು, ಸಂಜಿ ಮುಂದ ಸೂಜಿ ಹಿಡೀಬ್ಯಾಡ."

ಮೂರು ಮಾತಲ್ಲಿ ಒಂದನ್ನು ಮಾತ್ರ ಪಾಲಿಸಿದೆ. ಅದರ ಕಥೆ ಮುಂದೆ.

ಏನು ಬರೆಯಬೇಕು ಅನ್ನುವುದಕ್ಕೇ ಒಂದು ಗಂಟೆ ಹೋಯಿತು. "ಸುಸ್ವಾಗತ" ಮದುವೆ ಛತ್ರದ ಥರ. ಮೇಲಾಗಿ ಬಟ್ಟೆಯಲ್ಲಿ ಅಷ್ಟೂ ಅಕ್ಷರ ಕತ್ತರಿಸಿ ಹೊಲಿಯುವವರು ಯಾರು. ನಮ್ಮವರು ಮೈಸೂರಿನವರು, ಅವರು "ಬನ್ನಿ" ಅಂತ ಹಾಕು ಅಂದರು. ಬನ್ನಿ ಅಂದರೆ ನನಗೆ ಮೊದಲು ನೆನಪಾಗುವುದು ದಸರಾದಲ್ಲಿ ಕೈಗೆ ಕೊಡುವ ಎಲೆ. ಬನ್ನಿ ತಗೊಂಡು ಬಂಗಾರದಂಗ ಇರೋಣ ಅಂತೀವಲ್ಲ, ಅದು. ನಮ್ಮೂರಿನವರು ಯಾರಾದರೂ ಬಂದು ಓದಿದರೆ, ದಸರಾ ಮುಗಿದು ಹದಿನೈದು ದಿನ ಆಯ್ತು, ಇನ್ನೂ ಬನ್ನಿ ಹಂಚ್ತಾಳೇನು ಇವಳು ಅಂದುಕೊಂಡಾರು. ನಮ್ಮ ಕಡೆ ಬಾಗಿಲಲ್ಲಿ ನಿಂತವರಿಗೆ ಹೇಳುವುದು ಒಂದೇ ಮಾತು: "ಬರ್ರಿ". ಎರಡೇ ಅಕ್ಷರ, ಒಂದೇ ಒತ್ತು. ಅದೇ ಆಯ್ತು. ನಮ್ಮವರು "ಯಾರಿಗೋ ಆರ್ಡರ್ ಮಾಡಿದ ಹಾಗಿದೆ" ಅಂದರು. ಮದುವೆಯಾಗಿ ಹನ್ನೆರಡು ವರ್ಷವಾದರೂ ಅವರಿಗೆ ನಮ್ಮ ಮಾತು ಬೈಗುಳದ ಹಾಗೇ ಕೇಳಿಸುತ್ತೆ.

ಇನ್ನು ಬಟ್ಟೆ. ಕೌದಿಗೆ ಹತ್ತಿ ತುಂಬುವುದಿಲ್ಲ, ಹಳೇ ಸೀರೆಗಳೇ ಪದರ ಪದರವಾಗಿ ಒಳಗೆ ಹೋಗುತ್ತವೆ. ಆಯಿಯ, ಅಂದರೆ ಅಜ್ಜಿಯ, ಒಂದು ಹತ್ತಿಯ ಇಳಕಲ್ ಸೀರೆ ನನ್ನ ಹತ್ತಿರ ಇತ್ತು, ಚಿಕ್ಕಿ ಪರಾಸ್ ಅನ್ನುವ ಅಂಚಿನದು. ಒಡಲು ಜಾಳಾಗಿ ಜರಡಿಯಂತಾಗಿದೆ, ಆದರೆ ಮುಟ್ಟಿದರೆ ಬೆಣ್ಣೆ. ಅದರಲ್ಲಿ ನಾಲ್ಕು ಪದರ ಒಳಗೆ. ಸೆರಗು ಮುಟ್ಟಲಿಲ್ಲ, ಟೋಪು ತೆನೆ ವಿನ್ಯಾಸದ ಸೆರಗು ಕತ್ತರಿಸುವಷ್ಟು ಧೈರ್ಯ ನನಗಿಲ್ಲ. ಮುಂಭಾಗಕ್ಕೆ ನಮ್ಮವರ ಹಳೇ ಪಂಚೆ, ಹಾಲುಬಿಳಿ. ಹಿಂಭಾಗಕ್ಕೆ ಆ ನವಿಲು ಬಣ್ಣದ ಪಾಲಿಸ್ಟರ್. ಇನ್ನು ಅದು ಯಾವ ಮಹಡಿಗೂ ಹೋಗುವುದಿಲ್ಲ.

ಚಿಕ್ಕವಳಿದ್ದಾಗ ಯುಗಾದಿ ಮುಗಿದ ಮೇಲೆ ಓಣಿಯಲ್ಲಿ ಕೌದಿ ಹೊಲಿಯುವ ಹೆಣ್ಣುಮಕ್ಕಳು ಬರುತ್ತಿದ್ದರು. ಮನೆಯವರು ವರ್ಷವಿಡೀ ಕೂಡಿಟ್ಟ ಹರಕು ಸೀರೆ, ಧೋತರ ತಂದು ಕೊಟ್ಟರೆ ಅವರು ಕಟ್ಟೆಯ ಮೇಲೆ ಹಾಸಿ, ನಾಲ್ಕು ಮೂಲೆ ಎಳೆದು, ಕೂತು ಹೊಲಿಯುತ್ತಿದ್ದರು. ಅಳತೆಪಟ್ಟಿ ಇಲ್ಲ, ಗೆರೆ ಎಳೆಯುವುದಿಲ್ಲ, ಕಣ್ಣಳತೆಯಲ್ಲೇ ಸಾಲು ನೆಟ್ಟಗೆ ಹೋಗುತ್ತಿತ್ತು. ಕೂಲಿ ದುಡ್ಡಿನ ಜೊತೆ ಜೋಳವನ್ನೂ ಅಳೆದು ಕೊಡುತ್ತಿದ್ದರು. ನಾನು ಸ್ಕೇಲು, ಪೆನ್ಸಿಲ್ ಹಿಡಿದು ಗೆರೆ ಎಳೆದುಕೊಂಡೂ ನನ್ನ ಸಾಲು ಹಾವಿನ ಹಾಗೆ ಹೋಗಿದೆ. ಆಗ ಅವರ ಪಕ್ಕ ಕೂತು ಸೂಜಿಗೆ ದಾರ ಪೋಣಿಸಿ ಕೊಡುವುದಷ್ಟೇ ನನ್ನ ಕೆಲಸವಾಗಿತ್ತು. ಬೆರಳನ್ನಾದರೂ ಸರಿಯಾಗಿ ನೋಡಿಕೊಂಡಿದ್ದರೆ!

ಅಕ್ಷರಗಳಿಗೆ ಕೆಂಪು ಖಣ. ಖಣ ಕತ್ತರಿಸಿದ ತಕ್ಷಣ ಅಂಚಿನಲ್ಲಿ ಎಳೆ ಬಿಡುತ್ತೆ, ಹಾಗಾಗಿ ಹಿಂದೆ ಬಕ್ರಮ್ (ಕಾಲರಿಗೆ ಇಡುವ ಗಟ್ಟಿ ಬಟ್ಟೆ) ಇಟ್ಟು ಇಸ್ತ್ರಿ ಮಾಡಿ ಅಂಟಿಸಿದೆ. ಬಕ್ರಮ್ ಮೇಲೆ ಅಕ್ಷರ ಬರೆದು, ನೀಟಾಗಿ ಕತ್ತರಿಸಿ, ತಿರುಗಿಸಿ ಪಂಚೆಯ ಮೇಲಿಟ್ಟೆ. ಮಗಳು ನೋಡಿ, "ಅಮ್ಮಾ, ಇದು ಯಾವ ಭಾಷೆ?" ಅಂದಳು. ಹಿಂಬದಿಯಲ್ಲಿ ಬರೆದದ್ದು ಮುಂದೆ ಕನ್ನಡಿಯಲ್ಲಿ ಕಂಡ ಹಾಗೆ ಬರುತ್ತೆ ಅನ್ನುವುದು ಒಂಬತ್ತು ವರ್ಷದ ಹುಡುಗಿಗೆ ಹೊಳೆಯುತ್ತೆ, ಅವಳಮ್ಮನಿಗೆ ಹೊಳೆಯುವುದಿಲ್ಲ. ಮತ್ತೆ ಉಲ್ಟಾ ಬರೆದು ಕತ್ತರಿಸಿದ್ದಾಯ್ತು. ಸುಮ್ನೆ ಮುಕ್ಕಾಲು ಖಣ ದಂಡ. ನೀವು ಮಾಡುವುದಾದರೆ ಅಕ್ಷರವನ್ನು ಮೊದಲು ಪೇಪರಿನಲ್ಲಿ ದಪ್ಪಗೆ ಬರೆದು, ಕಿಟಕಿ ಗಾಜಿಗೆ ಹಿಂದುಮುಂದಾಗಿ ಹಿಡಿದು ಬಕ್ರಮ್‌ಗೆ ಇಳಿಸಿಕೊಳ್ಳಿ.

ಅಕ್ಷರದ ಸುತ್ತ ಹೊಲಿಗೆ ಹಾಕಿ ಆದಮೇಲೆ ಸುಕ್ಕು ಬಿಡಿಸೋಣ ಅಂತ ನೀರು ಚಿಮುಕಿಸಿ ಇಸ್ತ್ರಿಪೆಟ್ಟಿಗೆ ಎತ್ತಿದೆ. ಇಟ್ಟಿದ್ದರೆ ಕಥೆ ಮುಗಿದಿತ್ತು. 'ಬ' ಅಕ್ಷರದ ಕೆಳಗೆ ಬಿಳಿ ಪಂಚೆಯ ಮೇಲೆ ಗುಲಾಬಿ ಬಣ್ಣ ಇಳಿಯುತ್ತಾ ಇತ್ತು, ನಾನು ನೋಡ್ತಾ ಇದ್ದ ಹಾಗೇ. "ಮೊದಲ ತೊಯ್ಸು" ಅಂತ ಅವ್ವ ಹೇಳಿದ್ದು ಆಗ ಕಿವಿಯಲ್ಲಿ ಕೇಳಿಸಿತು. ತಣ್ಣೀರಿನ ನಲ್ಲಿ ಕೆಳಗೆ ಹಿಡಿದು, ಎರಡು ಹನಿ ಸೋಪಿನ ನೀರು ಹಾಕಿ, ಉಜ್ಜದೆ ಒತ್ತಿ ಒತ್ತಿ, ಬರುವ ನೀರು ತಿಳಿಯಾಗುವವರೆಗೆ ನಿಂತೆ. ಇಪ್ಪತ್ತು ನಿಮಿಷ. ಕಲೆ ಪೂರ್ತಿ ಹೋಗುವವರೆಗೆ ಬಿಸಿ ಮುಟ್ಟಿಸಬಾರದು, ಮುಟ್ಟಿಸಿದರೆ ಅಲ್ಲೇ ಕೂತುಬಿಡುತ್ತೆ. ಮುಕ್ಕಾಲು ಭಾಗ ಹೋಯಿತು. ಉಳಿದದ್ದರ ಮೇಲೆ ಕೆಂಪು ದಾರದಲ್ಲಿ ಹೊಲಿಗೆಯ ಸಾಲು ಒತ್ತೊತ್ತಾಗಿ ಹಾಕಿದೆ. ಈಗ ಯಾರಾದರೂ ಕೇಳಿದರೆ ಡಿಸೈನೇ ಹಾಗೆ ಅಂತ ಹೇಳುವುದು.

ಕೌದಿ ಹೊಲಿಗೆ ಕಷ್ಟದ್ದೇನಲ್ಲ, ಬರೀ ಮೇಲೆ ಕೆಳಗೆ ಹೋಗುವ ಓಟದ ಹೊಲಿಗೆ. ಅಂಚಿನಿಂದ ಶುರುಮಾಡಿ ಸುತ್ತು ಹಾಕುತ್ತಾ ಒಳಗೆ ಬರಬೇಕು, ಅರ್ಧ ಇಂಚಿಗೊಂದು ಸಾಲು. ಆಂಕರ್ ಕಸೂತಿ ದಾರದ ಆರೆಳೆಯಲ್ಲಿ ಮೂರೆಳೆ ಬಿಡಿಸಿಕೊಂಡು, ಮೇಣದಬತ್ತಿಗೆ ಒಂದು ಸಲ ಎಳೆದುಕೊಂಡರೆ ಗಂಟಾಗುವುದಿಲ್ಲ. ಮೊದಲು ಪದರಗಳನ್ನು ಕಚ್ಚಾ ಹೊಲಿಗೆ ಹಾಕಿ ಹಿಡಿಸಿಕೊಳ್ಳಿ. ನಾನು ಪಿನ್ನು ಸಾಕು ಅಂದುಕೊಂಡೆ, ಒಳಗಿನ ಜಾಳು ಸೀರೆ ಸರಿದು ಒಂದು ಮೂಲೆ ದಿಂಬಿನ ಹಾಗೆ ಉಬ್ಬಿದೆ. ಅಂಚಿಗೆ ಪೈಪಿಂಗ್ ಕೂರಿಸಲು ಮಾತ್ರ ಮಷೀನ್ ತೆಗೆದೆ. 14 ನಂಬರ್ ಸೂಜಿ ಮೂರನೇ ಇಂಚಿಗೇ ಟಪ್ ಅಂತು. ದಪ್ಪ ಪದರಕ್ಕೆ 16 ಬೇಕು.

ಕೆಳಗಿನ ಅಂಚಿಗೆ ಉಳಿದ ಖಣಗಳಿಂದ ಏಳು ತಿಕೋನ. 3 ಇಂಚಿನ ಚೌಕ ಕತ್ತರಿಸಿ, ಮೂಲೆಯಿಂದ ಮೂಲೆಗೆ ಎರಡು ಸಲ ಮಡಚಿದರೆ ತಿಕೋನ ಆಗುತ್ತೆ, ಒಂದರೊಳಗೊಂದು ಒಂದಿಂಚಿಗಿಂತ ತುಸು ಹೆಚ್ಚು ತೂರಿಸಿಕೊಂಡು ಹೋದರೆ ಏಳು ಸರಿಯಾಗಿ ಕೂರುತ್ತವೆ. ಮಡಚಿದ್ದರಿಂದ ಎಳೆ ಬಿಡುವ ಅಂಚೆಲ್ಲ ಒಳಗೆ. ಇದು ನನ್ನ ತಲೆಯಿಂದ ಬಂದದ್ದಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳ ಕೌದಿಯಲ್ಲಿ ಮೂಲೆಗಳಿಗೆ ಹೀಗೆ ಮಡಚಿದ ಬಟ್ಟೆ ಇಡುತ್ತಾರೆ, ಅದಕ್ಕೆ ಫೂಲ ಅನ್ನುತ್ತಾರೆ. ಫೂಲ ಇಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ನನಗೆ ಈ ಕೌದಿಯಲ್ಲಿ ಎಲ್ಲಕ್ಕಿಂತ ಇಷ್ಟ ಆಗಿದ್ದು ಆ ತಿಕೋನಗಳೇ. ಅಕ್ಷರಗಳಿಗಿಂತ ಚೆನ್ನಾಗಿವೆ. ಒಂದೊಂದು ಒಬ್ಬೊಬ್ಬರು ಉಡಿಗೆ ಹಾಕಿದ್ದು: ಎಡದಿಂದ ಮೂರನೆಯದು ಚಿಗವ್ವನದು, ಕೊನೆಯದು ಸೋದರತ್ತೆಯದು. ಅತ್ತೆ ಈಗಿಲ್ಲ.

ಹಿಂದೆ ಲಂಗದ ಲಾಡಿಗೆ ಬಿಡುವ ಹಾಗೆ ಒಂದು ಪಟ್ಟಿ ಹೊಲಿದು, ಮನಿಪ್ಲಾಂಟಿಗೆ ಊರಿದ್ದ ಬಿದಿರು ಕಡ್ಡಿ ಕಿತ್ತು ತೂರಿಸಿದೆ. ಬಾಗಿಲಿಗೆ ಮೊಳೆ ಹೊಡೆಯುವ ಹಾಗಿಲ್ಲ, ಬಾಡಿಗೆ ಮನೆ. ಅಂಟಿಸುವ ಹುಕ್ಕು ಹಾಕಿದೆ. ಮೇಲಿನ ಚೌಕಟ್ಟು ಖಾಲಿ ಬಿಟ್ಟಿದ್ದೇನೆ, ಅಲ್ಲಿ ಹಬ್ಬದ ದಿನ ಮಾವಿನೆಲೆಯೇ ಬರಬೇಕು.

ಇಷ್ಟೆಲ್ಲ ಆಗುವಾಗ ಏಳು ಗಂಟೆ ದಾಟಿತ್ತು. ಕೊನೆಯ ಎರಡು ಸುತ್ತು ದೀಪ ಹಚ್ಚಿದ ಮೇಲೇ ಹೊಲಿದದ್ದು. ಏಳರಲ್ಲಿ ನಾಲ್ಕು ತೂತು ಆ ಹೊತ್ತಿನವೇ. ಅವ್ವನಿಗೆ ಹೇಳಬೇಡಿ.

ಎಂಟೂವರೆಗೆ ಊಟ ಆರ್ಡರ್ ಮಾಡಿದ್ದೆವು, ಅಡುಗೆ ಮಾಡುವ ಶಕ್ತಿ ಯಾರಿಗಿತ್ತು. ಬೆಲ್ಲಾಯ್ತು, ಬಾಗಿಲು ತೆಗೆದೆ. ಹುಡುಗ ಪೊಟ್ಟಣ ಕೈಯಲ್ಲಿ ಹಿಡಿದೇ ಬಾಗಿಲು ನೋಡುತ್ತಿದ್ದ. "ಬರ್ರಿ" ಅಂತ ಜೋರಾಗಿ ಓದಿ ನಕ್ಕ.

"ನಿಮ್ದು ಯಾವೂರ್ರೀ ಅಕ್ಕಾರ?"

"ಬಾಗಲಕೋಟಿ."

"ನಮ್ದು ಮುದ್ದೇಬಿಹಾಳ್ರೀ."

ಒಳಗೆ ಬಾ, ನೀರು ಕುಡಿ ಅಂದೆ. ಇನ್ನೊಂದು ಆರ್ಡರ್ ಐತ್ರೀ ಅಂತ ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಓಡಿದ. ನಮ್ಮವರಿಗೆ ಹೇಳಿದೆ, ನೋಡಿ, ಆರ್ಡರ್ ಮಾಡಿದ ಹಾಗೆ ಯಾರಿಗೂ ಕೇಳಿಸಲಿಲ್ಲ ಅಂತ. ಅವರು ಆಗಲೇ ಪೊಟ್ಟಣ ಬಿಚ್ಚಿದ್ದರು.

ಅವ್ವನಿಗೆ ಫೋಟೋ ಕಳಿಸಿದೆ. ಈಗ ತಾನೇ ವಾಯ್ಸ್ ಮೆಸೇಜ್ ಬಂದಿದೆ. "ಹೊಲಿಗಿ ಸೊಟ್ಟ ಆಗೇತಿ. ಛಲೋ ಐತಿ. ಆದ್ರ ಅದರ ಬಗಲಾಗ ಚಪ್ಪಲಿ ಸ್ಟ್ಯಾಂಡ್ ಯಾಕ ಇಟ್ಟೀ? ಅಲ್ಲಿಂದ ತಗಿ ಮೊದಲ."

ಸ್ಟ್ಯಾಂಡನ್ನು ಲಿಫ್ಟಿನ ಪಕ್ಕಕ್ಕೆ ಎಳೆದಿಟ್ಟು ಬಂದಿದ್ದೇನೆ. ನಾಳೆ ಬೆಳಗ್ಗೆ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಫೋಟೋ ಸಮೇತ ಬರುತ್ತೆ, ನೋಡ್ತಾ ಇರಿ.