ಕೊನೆ ಗೊತ್ತಿದ್ದೂ ಏಕೆ ನೋಡುತ್ತೀರಿ?

ಹಗಲು ಹಳಗನ್ನಡ ಪಾಠ ಮಾಡುವವಳು ಸಂಜೆ ಮನೆಗೆ ಹೋಗಿ ಪ್ರೇಮದ ಹಾಸ್ಯಚಿತ್ರ ಹಾಕಿಕೊಂಡು ಕೂರುತ್ತಾಳೆ ಎಂಬ ಸುದ್ದಿ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹಳತಾಗಿ ಬಹಳ ವರ್ಷಗಳಾದವು. ಆದರೆ ಅದರಿಂದ ಹುಟ್ಟಿದ ಪ್ರಶ್ನೆ ಮಾತ್ರ ಇನ್ನೂ ಹಳತಾಗಿಲ್ಲ. ಹಿರಿಯ ಸಹೋದ್ಯೋಗಿಗಳು "ಮೇಡಂ, ನೀವೂ ಅಂಥದ್ದನ್ನೆಲ್ಲ ನೋಡ್ತೀರಾ?" ಎಂದು ಆ 'ನೀವೂ' ಎಂಬಲ್ಲಿ ಗೌರವವನ್ನೂ ಮರುಕವನ್ನೂ ಒಟ್ಟಿಗೆ ತುಂಬಿ ಕೇಳುತ್ತಾರೆ. ನನ್ನ ಅಣ್ಣನ ಮಗಳಿಗೆ ಆ ದಾಕ್ಷಿಣ್ಯವಿಲ್ಲ. "ಅತ್ತೆ, ಯಾರಿಗೆ ಯಾರು ಅಂತ ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗತ್ತೆ. ಆಮೇಲೆ ಎರಡು ಗಂಟೆ ಏನ್ ನೋಡ್ತೀಯ?" ಎಂದು ಆಕೆ ಹೋದ ದೀಪಾವಳಿಯಲ್ಲಿ ಕೇಳಿದಾಗ ನಾನು ನಕ್ಕು ಸುಮ್ಮನಾದೆ. ಅಂದು ಕೊಡದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೊನೆ ಗೊತ್ತಿದೆಯಲ್ಲ ಎಂಬ ಆಕ್ಷೇಪವನ್ನು ರನ್ನನ ಮುಂದೆ ಯಾರೂ ಇಡುವುದಿಲ್ಲ. ದುರ್ಯೋಧನನ ತೊಡೆ ಮುರಿಯುತ್ತದೆ ಎಂಬುದನ್ನು ತಿಳಿಯದೆ 'ಗದಾಯುದ್ಧ'ವನ್ನು ತೆರೆದ ಓದುಗ ಆತನ ಕಾಲದಲ್ಲೂ ಇದ್ದಿರಲಾರ. ಆದರೂ ಕೊಳದ ನೀರಿನೊಳಗಿದ್ದೇ ಬೆವರಿದ ಆ ಅರಸನ ಮುಂದೆ ತರಗತಿ ಇಂದಿಗೂ ಒಂದು ಕ್ಷಣ ನಿಶ್ಶಬ್ದವಾಗುತ್ತದೆ. ಸಾಗರದ ಕಡೆಯ ನಮ್ಮ ಊರಿನಲ್ಲಿ ರಾತ್ರಿಯಿಡೀ ಕಂಬಳಿ ಹೊದ್ದು ಯಕ್ಷಗಾನ ನೋಡುತ್ತಿದ್ದವರಿಗೆ ಪ್ರಸಂಗದ ಕೊನೆ ಬಾಯಿಪಾಠವಾಗಿತ್ತು; ಅವರು ಕಾಯುತ್ತಿದ್ದುದು ಈ ಸಲದ ವೇಷಧಾರಿ ಅದೇ ಪದ್ಯಕ್ಕೆ ಯಾವ ಅರ್ಥ ಹೇಳುತ್ತಾನೆ ಎಂಬುದಕ್ಕೆ. ಹಾಗಿರುವಾಗ, ಸಾವಿನಲ್ಲಿ ಮುಗಿಯುವ ಕಥೆಯ ಕೊನೆ ಗೊತ್ತಿದ್ದರೆ ಅದು ರಸಿಕತೆ, ಮದುವೆಯಲ್ಲಿ ಮುಗಿಯುವ ಕಥೆಯ ಕೊನೆ ಗೊತ್ತಿದ್ದರೆ ಅದು ಕಾಲಹರಣ ಎಂಬ ಲೆಕ್ಕ ಎಲ್ಲಿಂದ ಬಂತೋ ನನಗೆ ಅರ್ಥವಾಗಿಲ್ಲ.

ನನ್ನ ರುಚಿಯನ್ನು ಹೇಳುವುದಕ್ಕೆ ಒಂದೇ ಒಂದು ಕಥೆ ಸಾಕು, ಏಕೆಂದರೆ ನಾನು ಮತ್ತೆ ಮತ್ತೆ ನೋಡುವುದು ಅದನ್ನೇ: ಎದುರಾದಾಗಲೆಲ್ಲ ಜಗಳವಾಡುವ ಇಬ್ಬರು, ಯಾರೆಂದು ತಿಳಿಯದೆ, ಕಾಗದದ ಮೇಲೆ ಒಬ್ಬರನ್ನೊಬ್ಬರು ಮೆಚ್ಚಿಕೊಳ್ಳುವ ಕಥೆ. ಕನ್ನಡಿಗರಿಗೆ ಇದು 1990ರ 'ಗಣೇಶನ ಮದುವೆ'. ಫಣಿ ರಾಮಚಂದ್ರರ ಆ ಚಿತ್ರದಲ್ಲಿ ಅನಂತ್ ನಾಗ್ ಅವರ ಗಣೇಶ ಶ್ರುತಿ ಎಂಬ ಗಾಯಕಿಯ ದನಿಗೆ ಮನಸೋಲುತ್ತಾನೆ. ಆ ಶ್ರುತಿ ತಾನು ದಿನಬೆಳಗಾದರೆ ಕಿತ್ತಾಡುವ ಅದೇ ವಠಾರದ ಆದಿಲಕ್ಷ್ಮಿಯೇ ಎಂಬುದು ಅವನೊಬ್ಬನಿಗೆ ಗೊತ್ತಿಲ್ಲ, ಪ್ರೇಕ್ಷಕರಿಗೆಲ್ಲ ಗೊತ್ತು. ನನ್ನ ಸೋದರ ಸೊಸೆಯ ಹತ್ತು ನಿಮಿಷದ ಆಕ್ಷೇಪ ಇಲ್ಲಿ ತಲೆಕೆಳಗಾಗುತ್ತದೆ. ನಮಗೆ ಗೊತ್ತಿಲ್ಲದಿದ್ದರೆ ಪ್ರತಿ ಜಗಳವೂ ಬರಿಯ ಜಗಳವಾಗಿರುತ್ತಿತ್ತು. ಗೊತ್ತಿರುವುದರಿಂದಲೇ ವಿನಯಾ ಪ್ರಸಾದ್ ಮುಖ ತಿರುಗಿಸಿಕೊಂಡು ಹೋದಾಗ ನಗುವಿನ ಜೊತೆಗೆ 'ಅಯ್ಯೋ, ಸ್ವಲ್ಪ ನಿಲ್ಲಬಾರದೇ' ಎಂಬ ಚಡಪಡಿಕೆಯೂ ಆಗುತ್ತದೆ. ಜೊತೆಗೆ ವಠಾರವಿದೆ. ಗೋಡೆ ಒಂದೇ ಆಗಿರುವ, ಪಕ್ಕದ ಮನೆಯ ಒಗ್ಗರಣೆಯ ವಾಸನೆಯಿಂದಲೇ ಅಡುಗೆ ಏನೆಂದು ಹೇಳಬಹುದಾದ ಅಂಥ ಜಾಗದಲ್ಲಿ ಒಂದು ಗುಟ್ಟು ಉಳಿಯುವುದೇ ಪವಾಡ, ಮತ್ತು ಆ ಪವಾಡವನ್ನು ಕಟ್ಟುವುದು ಸುಲಭದ ಕೆಲಸವಲ್ಲ.

ಇದೇ ಎಳೆಯ ಇನ್ನೊಂದು ಚಿತ್ರ ಬಹಳ ಹಿಂದಿನದು. ಹಂಗೆರಿಯ ಮಿಕ್ಲೋಶ್ ಲಾಸ್ಲೋ 1937ರಲ್ಲಿ ಸುಗಂಧದ್ರವ್ಯದ ಅಂಗಡಿಯೊಂದರ ಸುತ್ತ ಬರೆದ ನಾಟಕವನ್ನು ಆಧರಿಸಿ, ಬರ್ಲಿನ್ನಿನಲ್ಲಿ ಹುಟ್ಟಿ ಹಾಲಿವುಡ್ಡಿಗೆ ಹೋದ ಅರ್ನ್ಸ್ಟ್ ಲೂಬಿಚ್ 1940ರಲ್ಲಿ 'ದ ಶಾಪ್ ಅರೌಂಡ್ ದ ಕಾರ್ನರ್' ಮಾಡಿದರು. ಬುಡಾಪೆಸ್ಟಿನ ಒಂದು ಅಂಗಡಿ, ಅಲ್ಲಿ ಕೆಲಸ ಮಾಡುವ ಕ್ರಾಲಿಕ್ ಮತ್ತು ಕ್ಲಾರಾ, ಇಬ್ಬರ ನಡುವೆ ಹಗಲೆಲ್ಲ ಚುಚ್ಚುಮಾತು, ರಾತ್ರಿ ಹೆಸರಿಲ್ಲದ ಪತ್ರಗಳು. ಕೊನೆಗೊಮ್ಮೆ ಹೋಟೆಲೊಂದರಲ್ಲಿ ಭೇಟಿಯಾಗಲು ನಿಶ್ಚಯಿಸುತ್ತಾರೆ. ಗುರುತಿಗೆಂದು ಆಕೆಯ ಬಳಿ ಟಾಲ್‌ಸ್ಟಾಯ್ ಕಾದಂಬರಿ, ಅದರ ಪುಟಗಳ ನಡುವೆ ಒಂದು ಕೆಂಪು ಹೂವು. ಜೊತೆಗೆ ಬಂದ ಸಹೋದ್ಯೋಗಿ ಕಿಟಕಿಯಿಂದ ಇಣುಕಿ ಹೇಳಿದಾಗ ಕ್ರಾಲಿಕ್‌ಗೆ ಸತ್ಯ ತಿಳಿಯುತ್ತದೆ. ಅಪರಿಚಿತ ಗೆಳೆಯನಾಗಿ ಅವನು ಆ ಮೇಜಿಗೆ ಹೋಗುವುದೇ ಇಲ್ಲ. ಆಮೇಲೆ ಬರುವ ಒಂದು ದೃಶ್ಯಕ್ಕಾಗಿಯೇ ನಾನು ಈ ಚಿತ್ರವನ್ನು ಎಷ್ಟು ಸಲವಾದರೂ ನೋಡಬಲ್ಲೆ. ಅಂಚೆ ಕಚೇರಿಯ ಗೋಡೆಯಲ್ಲಿ ಸಾಲಾಗಿ ಪೆಟ್ಟಿಗೆಗಳು. ಕ್ಯಾಮೆರಾ ಅವುಗಳ ಹಿಂಬದಿಯಲ್ಲಿ, ಎಂದರೆ ಕಾಗದ ಹಾಕುವವರ ಕಡೆಯಲ್ಲಿದೆ. ಒಂದು ಪೆಟ್ಟಿಗೆಯ ಬಾಗಿಲು ತೆರೆಯುತ್ತದೆ, ಕೈಗವಸು ತೊಟ್ಟ ಒಂದು ಕೈ ಒಳಗೆ ಬಂದು ತಡಕುತ್ತದೆ, ಏನೂ ಸಿಗುವುದಿಲ್ಲ. ಕೈ ಹಿಂದೆ ಸರಿದ ಮೇಲೆ ಆ ಚೌಕದೊಳಗೆ ಕ್ಲಾರಾಳ ಮುಖ ಕಾಣಿಸುತ್ತದೆ, ಕೈ ಸುಳ್ಳು ಹೇಳಿರಬಹುದು ಎಂಬಂತೆ ಕಣ್ಣು ಮತ್ತೊಮ್ಮೆ ಹುಡುಕುತ್ತದೆ. ಮಾತಿಲ್ಲ. ಇಂಥದ್ದನ್ನು ಹಗುರ ಎನ್ನುವವರಿಗೆ ಹಗುರವೆಂಬುದು ಎಷ್ಟು ತೂಕದ್ದೆಂದು ಗೊತ್ತಿಲ್ಲ.

ಆ ಚಿತ್ರದಲ್ಲಿ ಕೆಲಸ ಕಳೆದುಕೊಳ್ಳುವ ಭಯವಿದೆ, ಅನ್ಯಾಯವಾಗಿ ಕೆಲಸದಿಂದ ತೆಗೆಯುವ ಸನ್ನಿವೇಶವಿದೆ, ಹೆಂಡತಿಯ ದ್ರೋಹ ತಿಳಿದು ಜೀವ ತೆಗೆದುಕೊಳ್ಳಹೊರಡುವ ವಯಸ್ಸಾದ ಯಜಮಾನನಿದ್ದಾನೆ. ನನಗೆ ಬೇಕಾದ ಪ್ರೇಮಹಾಸ್ಯದ ಮೊದಲ ಗುಣ ಇದು: ಪ್ರೇಮಿಗಳಿಗೆ ಸಂಬಳ, ಬಾಡಿಗೆ, ಮೇಲಧಿಕಾರಿ ಇರಬೇಕು. ಎರಡನೆಯದು, ಅಡ್ಡಿ ಹೊರಗಿನಿಂದ ಬರಬಾರದು. ಖಳನಾಯಕ, ಜಾತಕ, ಅಪಘಾತ ಇವು ಬಂದರೆ ನನ್ನ ಆಸಕ್ತಿ ಇಳಿಯುತ್ತದೆ. ಇಬ್ಬರ ಅಹಂಕಾರ, ನಾಲಿಗೆಯ ಚುರುಕು, ಒಂದು ಸಣ್ಣ ಸುಳ್ಳು ಇಷ್ಟೇ ಅಡ್ಡಿಯಾದರೆ ಕುರ್ಚಿಯ ಅಂಚಿಗೆ ಬಂದು ಕೂರುತ್ತೇನೆ. ಇದೇ ಕಥೆಯನ್ನು ನೋರಾ ಎಫ್ರನ್ 1998ರಲ್ಲಿ 'ಯು ಹ್ಯಾವ್ ಗಾಟ್ ಮೇಲ್' ಎಂದು ಇಮೇಲ್ ಕಾಲಕ್ಕೆ ತಂದಾಗ ಎಲ್ಲರೂ ಮೆಚ್ಚಿದರು, ನಾನೂ ಮೆಚ್ಚಿದೆ, ಆದರೆ ಅರ್ಧ ಮನಸ್ಸಿನಿಂದ. ಅಲ್ಲಿ ನಾಯಕನ ದೊಡ್ಡ ಪುಸ್ತಕದಂಗಡಿ ಬಂದು ನಾಯಕಿಯ ಪುಟ್ಟ ಅಂಗಡಿ ಮುಚ್ಚಿಹೋಗುತ್ತದೆ, ಅದೂ ಅವಳ ತಾಯಿ ನಡೆಸಿದ ಅಂಗಡಿ. ಮುಚ್ಚಿಸಿದವನ ತೋಳಿನಲ್ಲಿ ಆಕೆ ಕಣ್ಣೊರೆಸಿಕೊಳ್ಳುವುದನ್ನು ನೋಡುವಾಗ, ಪ್ರೇಮ ಗೆದ್ದಿತೋ ವ್ಯಾಪಾರ ಗೆದ್ದಿತೋ ಎಂಬ ಸಂದೇಹ ನನ್ನನ್ನು ಬಿಡುವುದಿಲ್ಲ. 1940ರ ಚಿತ್ರದಲ್ಲಿ ಇಬ್ಬರೂ ಒಂದೇ ಯಜಮಾನನ ಕೈಕೆಳಗಿನವರು. ಆ ಸಮಾನತೆ ಇಲ್ಲದಿದ್ದರೆ ಜಗಳಕ್ಕೆ ಸೊಗಸಿಲ್ಲ.

ಇಷ್ಟವಿಲ್ಲದವುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 'ಬೇಡ' ಎಂದ ಹುಡುಗಿಯ ಹಿಂದೆ ಅವಳು 'ಹೂಂ' ಎನ್ನುವವರೆಗೂ ಬೈಕಿನಲ್ಲಿ ಸುತ್ತುವುದನ್ನು ಹಾಸ್ಯವೆಂದು ತೋರಿಸುವ ಚಿತ್ರಗಳನ್ನು ನಾನು ಅರ್ಧಕ್ಕೆ ನಿಲ್ಲಿಸುತ್ತೇನೆ. ನಾಯಕಿಗೆ ಮೊದಲೇ ಗೊತ್ತಾಗಿದ್ದ ಗಂಡನ್ನು, ಏನೂ ತಪ್ಪು ಮಾಡದ ಪಾಪದವನನ್ನು, ನಾಯಕನ ದಾರಿ ಸುಗಮವಾಗಲಿ ಎಂದು ಕೊನೆಯಲ್ಲಿ ಕೋಡಂಗಿ ಮಾಡುವುದೂ ನನಗೆ ಸಹಿಸದು. ಈ ವಿಷಯದಲ್ಲಿ ನನಗೆ ಕಾಳಿದಾಸನ ಮೇಲೂ ದೂರಿದೆ. 'ಮಾಳವಿಕಾಗ್ನಿಮಿತ್ರ' ಶುದ್ಧ ಪ್ರೇಮಹಾಸ್ಯ; ಸೆರೆಯಲ್ಲಿರುವ ಮಾಳವಿಕೆಯನ್ನು ಬಿಡಿಸುವುದಕ್ಕಾಗಿ ವಿದೂಷಕ ಕೇದಗೆಯ ಮುಳ್ಳಿನಿಂದ ಬೆರಳನ್ನು ಚುಚ್ಚಿಕೊಂಡು ಹಾವು ಕಚ್ಚಿತೆಂದು ನಟಿಸಿ, ವಿಷ ಇಳಿಸಲು ಬೇಕೆಂಬ ನೆಪದಲ್ಲಿ ರಾಣಿಯ ಸರ್ಪಮುದ್ರೆಯ ಉಂಗುರವನ್ನೇ ತರಿಸಿಕೊಳ್ಳುವ ಭಾಗವನ್ನು ಓದಿ ನಗದವರಿಲ್ಲ. ಆದರೆ ಆ ಉಂಗುರವನ್ನು ಗಾಬರಿಯಿಂದ ಕೊಟ್ಟವಳು ಪಟ್ಟದರಾಣಿ ಧಾರಿಣಿ, ಕೊನೆಯಲ್ಲಿ ತನ್ನ ಕೈಯಾರೆ ಸವತಿಯನ್ನು ಗಂಡನಿಗೆ ಒಪ್ಪಿಸುವವಳೂ ಅವಳೇ. ಅವಳನ್ನು ನೆನೆದಾಗ ನನ್ನ ನಗು ಅಲ್ಲಿಗೇ ನಿಲ್ಲುತ್ತದೆ.

ಇನ್ನು ಉಳಿದಿರುವುದು ಪಲಾಯನವೆಂಬ ಆರೋಪ. ನಮ್ಮ ವಿಮರ್ಶೆಯಲ್ಲಿ ಈ ಪದ ಬಂದರೆ ಅಲ್ಲಿಗೆ ವಿಚಾರಣೆ ಮುಗಿದಂತೆ. ಹೆಂಗಸರ ಕಾದಂಬರಿಗಳನ್ನು 'ಅಡುಗೆಮನೆ ಸಾಹಿತ್ಯ' ಎಂದು ಪಕ್ಕಕ್ಕಿಟ್ಟವರು ಅವುಗಳನ್ನು ಓದುವವರಿಗೂ ಅದೇ ಜಾಗ ತೋರಿಸಿದರು. ನಾನು ಈ ಆರೋಪವನ್ನು ಒಪ್ಪಿಕೊಂಡೇ ಮಾತನಾಡುತ್ತೇನೆ. ಹೌದು, ಮೌಲ್ಯಮಾಪನ ಮಾಡಿ ಬಂದ ದಿನ ನನಗೆ ಓಡಿಹೋಗಬೇಕೆನಿಸುತ್ತದೆ. ಆದರೆ ಎಲ್ಲಿಗೆ ಓಡುತ್ತೇನೆ ಎಂಬುದನ್ನು ಯಾರೂ ಕೇಳುವುದಿಲ್ಲ. ಆಡಿದ ಮಾತನ್ನು ಹಿಂದಕ್ಕೆ ಪಡೆಯಬಹುದಾದ, ತಪ್ಪು ತಿಳಿದುಕೊಂಡವರು ಮುಖ ಕೆಂಪಾಗಿಸಿಕೊಂಡು ಬಂದು 'ತಪ್ಪಾಯಿತು' ಎನ್ನುವ ಒಂದು ಊರಿಗೆ ನಾನು ಹೋಗುತ್ತೇನೆ. ಅಂಥ ಊರನ್ನು ನಾನು ಮೊದಲು ಕಂಡದ್ದು ಚಿಕ್ಕಮ್ಮನ ಜೊತೆ.

ಚಿಕ್ಕಮ್ಮ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ವಾರಕ್ಕೆ ಎರಡು ಕಾದಂಬರಿ ತರುತ್ತಿದ್ದಳು. ಮಧ್ಯಾಹ್ನದ ಊಟ ಮುಗಿದು, ಪಾತ್ರೆ ತೊಳೆದು, ಚಿಕ್ಕಪ್ಪ ಮಲಗಿದ ಮೇಲೆ ಹಿತ್ತಲ ಬಾಗಿಲ ಹೊಸಿಲಿನಲ್ಲಿ ಕೂತು ಓದುತ್ತಿದ್ದಳು; ಅಡಿಕೆ ಸುಲಿಯುವ ಕಾಲದಲ್ಲಿ ಅದಕ್ಕೂ ಬಿಡುವಿರುತ್ತಿರಲಿಲ್ಲ. ಒಂದು ಸಲ ತಂದ ಪುಸ್ತಕದಲ್ಲಿ ಕೊನೆಯ ನಾಲ್ಕು ಪುಟಗಳನ್ನು ಯಾರೋ ಹರಿದುಕೊಂಡಿದ್ದರು. ನಾನು ಅತ್ತೇಬಿಟ್ಟೆ. ಚಿಕ್ಕಮ್ಮ ಮಾತ್ರ ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡು, ಮುನಿಸಿಕೊಂಡು ತವರಿಗೆ ಹೋದ ನಾಯಕಿ ಹೇಗೆ ವಾಪಸಾದಳು, ಯಾರು ಮೊದಲು ಮಾತನಾಡಿದರು ಎಂಬುದನ್ನೆಲ್ಲ ಓದಿ ಹೇಳುವಂತೆಯೇ ಹೇಳಿ ಮುಗಿಸಿದಳು. ಆ ಕಾದಂಬರಿಯ ಪೂರ್ತಿ ಪ್ರತಿ ನನಗೆ ಸಿಕ್ಕಿದ್ದು ನಾನು ಕೆಲಸಕ್ಕೆ ಸೇರಿದ ಮೇಲೆ, ಹಳೆಯ ಪುಸ್ತಕಗಳ ರಾಶಿಯಲ್ಲಿ. ನಾಯಕಿ ವಾಪಸಾಗುವುದು, ರಾಜಿಯಾಗುವುದು, ಎಲ್ಲವೂ ಆಕೆ ಹೇಳಿದ ಹಾಗೆಯೇ ಇತ್ತು. ಊರಿಗೆ ಹೋದಾಗ ಆ ನಾಲ್ಕು ಪುಟಗಳನ್ನು ಓದಿ ಹೇಳಿದೆ. ಚಿಕ್ಕಮ್ಮ ಕೊನೆಯವರೆಗೂ ಕೇಳಿಸಿಕೊಂಡು, "ಅಷ್ಟೇಯಾ? ಅವ್ನು ಕಾಫಿ ಮಾಡ್ಕೊಡದೇ ಇಲ್ವಾ?" ಎಂದಳು. ಆಕೆಯ ಕೊನೆಯಲ್ಲಿ ಅವನು ಒಲೆ ಹಚ್ಚಿ, ಬೆಲ್ಲ ಎಲ್ಲಿದೆ ಎಂದು ಕೇಳದೆ ತಾನೇ ಹುಡುಕಿ, ಎರಡು ಲೋಟ ಕಾಫಿ ಮಾಡಿ ತಂದಿದ್ದ.